ಅಕ್ಷರಕ್ಕೆ ಮೂರು ಪೌಂಡು

ಐಮೌತ್ ಬಂದರಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ.
ಸತ್ತವರ ಹೆಸರು ಕೆತ್ತುವುದು ಕಸುಬು.
ಅಕ್ಷರಕ್ಕೆ ಮೂರು ಪೌಂಡು; ಚುಕ್ಕೆ, ಅಲ್ಪವಿರಾಮ ಪುಕ್ಕಟೆ.

ಕಲಿಯುವ ಕಾಲದಲ್ಲಿ ಒಮ್ಮೆ
'ದ್ಯಾನ್' ಇರಬೇಕಾದಲ್ಲಿ 'ದೆನ್' ಕೊರೆದುಬಿಟ್ಟೆ.
ಒಂದೇ ಅಕ್ಷರ. ಹೋಲಿಕೆ ಹೋಗಿ ಕಾಲವಾಯಿತು:
ಚಿನ್ನಕ್ಕಿಂತ ಮಿಗಿಲಾಗಬೇಕಿದ್ದ ಅಜ್ಜಿ
'ಮಿಗಿಲು, ಆಮೇಲೆ ಚಿನ್ನ' ಆದಳು.
ಯಜಮಾನ ಲೋರಿಮರ್ ಬೈಯಲಿಲ್ಲ.
"ಕಲ್ಲಿಗೆ ರಬ್ಬರಿಲ್ಲ ಮಗಾ" ಅಂದ, ಅಷ್ಟೆ.
ಆ ಚಪ್ಪಡಿ ಈಗಲೂ ಹಿತ್ತಲ ಬಾಗಿಲಿಗೆ ಮೆಟ್ಟಿಲು,
ಮುಖ ಕೆಳಗೆ.

ಅಂದಿನಿಂದ ನಾನು ಹೋಲಿಕೆಗಳ ಸುಂಕದವನು.
'ಮೋರ್ ಡಿಯರರ್' ಎಂದು ಬರೆದು ತಂದರೆ
ಒಂದೇ ತಲೆಗೆ ಎರಡು ಟೋಪಿ ಯಾಕೆ ಎಂದು
'ಮೋರ್' ತೆಗೆಸುತ್ತೇನೆ: ಹನ್ನೆರಡು ಪೌಂಡು ಉಳಿಯಿತು ನೋಡಿ.
'ಊರಿನ ಯಾರಿಗಿಂತಲೂ ದಯಾಳು' ಎಂದರೆ
ನಡುವೆ ಒಂದು 'ಬೇರೆ' ಸೇರಿಸಿ ಅನ್ನುತ್ತೇನೆ.
ಅವನೂ ಊರಿನವನೇ ತಾನೆ?
ತನಗಿಂತ ತಾನೇ ದಯಾಳು ಆಗುವುದು ಹೇಗೆ?
ಕೆಲವರು ಅತ್ತುಬಿಡುತ್ತಾರೆ.
ಸುಂಕದವನ ಮುಂದೆ ಸುಖದುಃಖ.

ಕಳೆದ ಮಾರ್ಚಿನಲ್ಲಿ ಐಸೊಬೆಲ್ ಪರ್ವಿಸ್ ಬಂದಳು.
ಗಂಡನ ಕೋಟು ತೊಟ್ಟಿದ್ದಳು, ತೋಳು ಮಡಚಿ.
ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್ಲಿನ ಒಂದು ಸಾಲು:
'ಹೀ ಲವ್ಡ್ ದ ಸೀ ಮೋರ್ ದ್ಯಾನ್ ಮೀ.'

ಅಂದೆ, ಅಮ್ಮಾ, ಇದಕ್ಕೆ ಎರಡರ್ಥ.
ಕಡಲಿನ ಮೇಲೆ ನಿಮಗಿದ್ದ ಪ್ರೀತಿಗಿಂತ
ಅವರಿಗಿದ್ದದ್ದು ಹೆಚ್ಚು ಎನ್ನುವುದಾದರೆ
'ಮೀ' ಬೇಡ, 'ಐ ಡಿಡ್' ಎಂದು ಮುಗಿಸೋಣ.
ಇನ್ನೊಂದು ಅರ್ಥ

ಹೇಳಲು ನನಗೆ ಬಾಯಿ ಬರಲಿಲ್ಲ.

ಅವಳು ಗಾಜಿನಾಚೆ ನೋಡಿದಳು. ಅಲ್ಲಿ ಮಂಜು ಬಿಟ್ಟು ಏನೂ ಇರಲಿಲ್ಲ.
"ಮೊದಲನೆಯದು ನಿಜ" ಅಂದಳು,
"ದೋಣಿ ಹತ್ತಿದರೆ ನನಗೆ ವಾಂತಿ."
ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಪಡಿಸಿಕೊಂಡಳು.
"ಇನ್ನೊಂದೂ ನಿಜವೇ.
ಇದ್ದ ಹಾಗೇ ಇರಲಿ. ದುಡ್ಡಿಲ್ಲ ಅಂತಲ್ಲ."

ಇಪ್ಪತ್ತಮೂರು ಅಕ್ಷರ, ಅರವತ್ತೊಂಬತ್ತು ಪೌಂಡು.
ಮೂವತ್ತು ವರ್ಷದಲ್ಲಿ ಮೊದಲ ಸಲ
ಎರಡರ್ಥದ ಸಾಲನ್ನು ತಿದ್ದದೆ ಕೊರೆದೆ,
ಊಟಕ್ಕೂ ಏಳದೆ.
ಕಲ್ಲು ನಿಲ್ಲಿಸಿದ ದಿನ ಬಂದು ಅವಳು ಬೆರಳಾಡಿಸಿದಳು,
ಕೊನೆಗೆ ಎಂ, ಇ ಹತ್ತಿರ ತಡೆದಳು.
"ಇವು ಹೆಚ್ಚು ಆಳವಾಗಿವೆ" ಅಂದಳು.

ಯಾವುದಕ್ಕಿಂತ ಎಂದು ನಾನು ಕೇಳಲಿಲ್ಲ.