ತಾನಾಗಿ

ಕುಪವಾಡದ ಶೆಡ್ಡಿನಲ್ಲಿ ಎರಡು ನಿಂತಿವೆ,
ಒಂದೇ ವರ್ಷದವು, ಒಂದೇ ಹಸಿರು, ಎರಡೇ ಸೀಟು,
ಕೂತರೆ ನೆಲ ಗೇಣಷ್ಟೇ ದೂರ.
ಪುಣೆಯ ಯಾರೋ ಶ್ರೀಮಂತ ಜೋಡಿಯಾಗಿ ಸಾಕಿ
ಮೊಣಕಾಲು ಮಡಿಸಲಾಗದ ವಯಸ್ಸಿಗೆ ಮಾರಿದ್ದು.

ಶಿರಾಜ ನದಾಫ ಎರಡರ ಬಾಯಿಯನ್ನೂ ತೆರೆದು ತೋರಿಸುತ್ತಾನೆ.
"ಇದು ತಾನಾಗೇ ಉಸುರು ಎಳಕೋತದ್ರಿ ಡಾಕ್ಟರಬಾಯಿ.
ಅದಕ್ಕ ಗಾಳಿ ತುರುಕಬೇಕು. ಈ ಪಟ್ಟಾ ನೋಡ್ರಿ,
ಇಂಜಿನ್ ಜೋಡಿ ತಿರಗತದ, ಒತ್ತಿ ಒತ್ತಿ ಒಳಗ ಕಳಸ್ತದ.
ಸೂಪರ್‌ಚಾರ್ಜರ್ ಅಂತಾರ.
ಕೊಡೂಕಿಂತ ಮೊದಲ ಇಂಜಿನ್ ಕಡಿಂದನ ಸ್ವಲ್ಪ ಕಸಕೋತದ,
ಆದರ ಕೊಟ್ಟಿತಂದ್ರ ಅರವತ್ತು ಕುದುರಿ ಜಾಸ್ತಿ.
ಎರಡೂವರಿ ಲಕ್ಷನೂ ಜಾಸ್ತಿ."

ನನಗೆ ನಗು ಬರುತ್ತದೆ. ಡಾಕ್ಟರು ಅಂತ ಗೊತ್ತು ಅವನಿಗೆ,
ಯಾವ ಡಾಕ್ಟರು ಅಂತ ಗೊತ್ತಿಲ್ಲ.
ಇಪ್ಪತ್ತೆರಡು ವರ್ಷದಿಂದ ಮಿರಜದಲ್ಲಿ ನನ್ನ ಕಸುಬೇ ಇದು:
ಮಲಗಿಸುವುದು, ಉಸಿರು ಕಸಿಯುವುದು,
ಆಮೇಲೆ ಕರಿ ರಬ್ಬರಿನ ಚೀಲ ಹಿಚುಕುತ್ತ
ನಿಮಿಷಕ್ಕೆ ಹನ್ನೆರಡು ಸಲ
ಅವರ ಉಸಿರು ನಾನೇ ಆಡುವುದು.
ಚಳಿಗಾಲದಲ್ಲಿ ಬಲಗೈ ಹೆಬ್ಬೆರಳಿನ ಬುಡ ನೋಯುತ್ತದೆ.

ಮೊದಲು ತುರುಕುವುದನ್ನೇ ಹತ್ತಿದೆ.
ಮ್ಹೈಸಾಳದ ರಸ್ತೆ. ಮುಂದೆ ಕಬ್ಬಿನ ಟ್ರ್ಯಾಕ್ಟರು,
ಎರಡು ಟ್ರಾಲಿ, ಡಾಂಬರು ಗುಡಿಸುವ ಸೋಗೆ.
ಕಾಲು ಇನ್ನೂ ಯೋಚಿಸುತ್ತಿತ್ತು, ಕಾರು ದಾಟಿಯಾಗಿತ್ತು.
ಬೆನ್ನ ಹಿಂದೆ ಸಣ್ಣಗೆ ಶಿಳ್ಳೆ,
ಹಿಟ್ಟಿನ ಗಿರಣಿ ಈಗಷ್ಟೇ ಶುರುವಾದ ಹಾಗೆ.
ಕಾಗವಾಡದ ಹತ್ತಿರ ಬೋರ್ಡುಗಳು ಕನ್ನಡಕ್ಕೆ ಹೊರಳಿದವು;
ಓದಲಾಗಲಿಲ್ಲ,
ಅಕ್ಷರ ದುಂಡಗಾದದ್ದು ಮಾತ್ರ ಕಂಡಿತು.
ಸುಳ್ಳು ಯಾಕೆ, ಜೋರಾಗಿ ಕೂಗಿದೆ ಒಬ್ಬಳೇ.
ಸರ್ಜನ್ ಬಿರನಾಳೆ ಇದ್ದಿದ್ದರೆ ಅಲ್ಲೇ ಚೆಕ್ಕು ಹರಿಯುತ್ತಿದ್ದರು.

ಎರಡನೆಯದು ಹಟಮಾರಿ.
ಮೂರು ಸಾವಿರದವರೆಗೆ ಗೊಣಗು. ಟ್ರಾಲಿ ದಾಟಲು
ಎರಡು ಗೇರು ಇಳಿಸಬೇಕು,
ಎದುರಿನ ಕೆಂಪು ಬಸ್ಸಿನ ಮುಖ ನೋಡಿ ಲೆಕ್ಕ ಹಾಕಬೇಕು,
ಲೆಕ್ಕ ತಪ್ಪಿದರೆ ಮತ್ತೆ ಸೋಗೆಯ ಹಿಂದೆ.
ನಾಲ್ಕು. ಐದು. ಆರು.
ಸೂಜಿ ಏಳರ ಹತ್ತಿರ ಹೋದಾಗ
ಗಂಟಲು ಬಿಚ್ಚಿತು.
ನಾನು ಏನೂ ತುರುಕಿರಲಿಲ್ಲ, ಬಾಗಿಲು ತೆರೆದಿದ್ದೆ ಅಷ್ಟೇ;
ಹೊರಗಿನ ಗಾಳಿ, ಸಕ್ಕರೆ ಕಾರ್ಖಾನೆಯ ಕಾಕಂಬಿ ನಾತದ ಸಮೇತ,
ತಾನೇ ಒಳಗೆ ಬಂತು.

ಹೊಲಿಗೆ ಮುಗಿದ ಮೇಲೆ ಒಂದು ಹೊತ್ತಿರುತ್ತದೆ.
ಔಷಧ ಇಳಿಯುತ್ತಿರುತ್ತದೆ.
ಚೀಲದ ಮೇಲೆ ಕೈ ಸಡಿಲ ಇಟ್ಟು ಕಾಯುತ್ತೇನೆ.
ಬಿರನಾಳೆ ಗ್ಲೌಸು ಕಳಚುತ್ತ ಮುಂದಿನ ಕೇಸು ಯಾವುದು ಅನ್ನುತ್ತಾರೆ,
ನಾನು ಉತ್ತರ ಕೊಡುವುದಿಲ್ಲ.
ಆಗ ಚೀಲ, ಯಾರೂ ಹಿಚುಕದೆ,
ಅಂಗೈಯೊಳಗೆ ಚೂರು ಕುಗ್ಗುತ್ತದೆ.
ಮೊನ್ನೆ ಜತ್ತದ ಮುದುಕಿ ಗೋದಾಕ್ಕ ಹಾಗೆ ಎಳೆದುಕೊಂಡಳು,
ಸಾಲ ತೀರಿಸುವವಳ ಹಾಗೆ, ಜಿಪುಣತನದಿಂದ,
ಕಾಲು ಚೀಲ. ಮತ್ತೆ ಕಾಲು.

ಇದನ್ನು ಸಿದ್ಧಾಂತ ಮಾಡಬೇಡಿ.
ಒತ್ತದೇ ಇದ್ದಿದ್ದರೆ ಆಕೆ ಆ ಹೊತ್ತಿಗೆ ಮುಟ್ಟುತ್ತಲೇ ಇರಲಿಲ್ಲ.
ಒತ್ತುವುದರಲ್ಲಿ ನನಗೆ ನಾಚಿಕೆಯಿಲ್ಲ,
ಸೋಮವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಒತ್ತುತ್ತೇನೆ.
ಇವತ್ತು ಭಾನುವಾರ.

"ಪಸ್ತಾಯಿಸ್ತೀರಿ ನೋಡ್ರಿ, ದಂಡೋಬಾ ಗುಡ್ಡಾ ಏರೂವಾಗ,"
ನದಾಫ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತ ಅನ್ನುತ್ತಾನೆ.
ಇರಬಹುದು. ಲಾರಿಗಳೂ ಹಿಂದೆ ಹಾಕಬಹುದು.

ರೈಲ್ವೆ ಗೇಟು ಬಿದ್ದಿದೆ. ಕೊಲ್ಹಾಪುರದ ಪ್ಯಾಸೆಂಜರ್
ಎಲ್ಲಿದೆಯೋ ಗೇಟಿನವನಿಗೂ ಗೊತ್ತಿದ್ದಂತಿಲ್ಲ.
ಪಕ್ಕದ ಬೈಕಿನ ಹುಡುಗ ಬಾಗಿ, ಬಾಗಿ, ಕಿಟಕಿಯ ಮಟ್ಟಕ್ಕೆ ಇಳಿದು
ಕೇಳುತ್ತಾನೆ: "ಆವರೇಜ್ ಎಷ್ಟು ಕೊಡತದ್ರಿ?"

ಗೊತ್ತಿಲ್ಲಪ್ಪ.
ಇಂಜಿನ್ನು ಎಂಟುನೂರರಲ್ಲಿ ಸಣ್ಣಗೆ ಆಡುತ್ತಿದೆ.
ನನ್ನ ಎರಡೂ ಕೈ ತೊಡೆಯ ಮೇಲಿವೆ.