ಏಳನೇ ಎಂಜಿನ್

ಎಲ್ ಯೆರೊ ದ್ವೀಪ. ಅಟ್ಲಾಂಟಿಕಿನ ನಕ್ಷೆಯ ಮೇಲೆ
ಯಾರೋ ಪೆನ್ನು ಕೊಡವಿದಾಗ ಬಿದ್ದ ಕೊನೆಯ ಹನಿ.
ಇಲ್ಲಿಯ ಗಾಳಿ ಎಂಥದೆಂದರೆ
ಸಬೀನಾ ಮರಗಳು ನಡು ಬಗ್ಗಿಸಿ
ತಲೆಗೂದಲು ಒಣಗಿಸುವ ಹೆಂಗಸರ ಹಾಗೆ
ತುದಿಯನ್ನು ನೆಲಕ್ಕೆ ಚೆಲ್ಲಿ ನಿಂತಿವೆ.

ಗುಡ್ಡದ ಮೇಲೆ ಐದು ಗಾಳಿಯಂತ್ರ.
ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ಒಂದು ಕೆರೆ,
ಕೆಳಗೆ, ಸಮುದ್ರದ ಮಗ್ಗುಲಲ್ಲಿ, ಇನ್ನೊಂದು.
ಗಾಳಿ ಮಿಕ್ಕ ರಾತ್ರಿ ನೀರು ಹತ್ತುತ್ತದೆ,
ಗಾಳಿ ಸೋತ ರಾತ್ರಿ ಇಳಿಯುತ್ತದೆ,
ಇಳಿಯುವಾಗ ಬೆಳಕು ಕೊಟ್ಟು ಹೋಗುತ್ತದೆ.
ಹೇಳಿದರೆ ಇಷ್ಟೇ. ಮಕ್ಕಳಿಗೂ ಅರ್ಥವಾಗುತ್ತದೆ.

ಎವುಲೊಹಿಯೊಗೆ ಅರ್ಥವಾಗದ್ದು ತನ್ನ ಸಂಬಳ.
ಡೀಸೆಲ್ ಶೆಡ್ಡಿನಲ್ಲಿ, ಏಳನೇ ಎಂಜಿನ್ನಿನ ಪಕ್ಕ,
ಕಿವಿಗೆ ಹತ್ತಿ ತುರುಕಿ ಇಪ್ಪತ್ತಾರು ವರ್ಷ ಕಳೆದವನು
ಈಗ ಕಿವಿ ತೆರೆದು ಕೂರುತ್ತಾನೆ.
ಎಣ್ಣೆ ಬೆಚ್ಚಗಿಡುತ್ತಾನೆ, ಬ್ಯಾಟರಿ ನೋಡುತ್ತಾನೆ,
ಹಿತ್ತಾಳೆ ಫಲಕ ಒರೆಸುತ್ತಾನೆ,
ತನ್ನ ಪಾತ್ರ ಬಾರದ ನಾಟಕಕ್ಕೆ
ದಿನಾ ಬಣ್ಣ ಹಚ್ಚಿಕೊಂಡು
ಪರದೆಯ ಹಿಂದೆ ಕೂತವನ ಹಾಗೆ.
ಕೆಲಸ ಮಾಡದಿದ್ದುದಕ್ಕೆ ಬಂದ ದುಡ್ಡು
ಜೇಬಿನಲ್ಲಿ ಬೇರೆಯೇ ತೂಕ.

ಆ ಸೆಪ್ಟೆಂಬರು ಹದಿಮೂರು ದಿನ ಎಲೆ ಅಲುಗಲಿಲ್ಲ.
ಮೇಲಿನ ಕೆರೆಯಲ್ಲಿ ತಳದ ಕಪ್ಪು ಹಾಸು ಕಾಣಿಸಿತು.
ಗಾಳಿ ಬಂದಾಗ ತೂರಿಕೊಂಡಿದ್ದರು, ಸರಿ.
ರಾಶಿ ಎಷ್ಟು ದಿನಕ್ಕೆಂದು ಅಳೆದಿರಲಿಲ್ಲವೇ?
ಅಳೆದಿದ್ದರು. ಲೆಕ್ಕ ತಪ್ಪಿರಲಿಲ್ಲ.
ಗಾಳಿ ಆ ಲೆಕ್ಕವನ್ನು ಓದಿರಲಿಲ್ಲ, ಅಷ್ಟೆ.

ನಿಯಂತ್ರಣ ಕೋಣೆಯಲ್ಲಿ ದೊಮಿತಿಲಾ ಒಬ್ಬಳೇ.
ಪರದೆಯಲ್ಲಿ ಒಂದು ಅಂಕಿ: ಐವತ್ತು.
ಇಡೀ ದ್ವೀಪ ಸೆಕೆಂಡಿಗೆ ಐವತ್ತು ಸಲ
ಒಂದೇ ತಾಳಕ್ಕೆ ಮಿಡಿಯಬೇಕು:
ಬಂದರಿನ ದೀಪ, ಮದ್ಯದಂಗಡಿಯ ಫ್ರಿಜ್ಜು,
ನಿದ್ದೆಯಲ್ಲಿರುವ ಪುರಿಫಿಕಾಸಿಯೊನ್ ಅಜ್ಜಿಯ ಆಕ್ಸಿಜನ್ ಯಂತ್ರ.
ನಲವತ್ತೊಂಬತ್ತು ಪಾಯಿಂಟ್ ಒಂಬತ್ತು.
ಎಂಟು.

ಅವಳು ಫೋನೆತ್ತಿದಳು. ಎಂಜಿನ್ನಿಗಲ್ಲ ಮೊದಲು.
ಕಡಲುನೀರು ಸಿಹಿ ಮಾಡುವವರಿಗೆ: ಪಂಪು ನಿಲ್ಲಿಸಿ,
ಟ್ಯಾಂಕಿನಲ್ಲಿ ಎರಡು ದಿನಕ್ಕಾಗುವಷ್ಟು ಇದೆ.
ಮೀನಿನ ಕೋಲ್ಡ್ ಸ್ಟೋರೇಜಿಗೆ: ಬೆಳಗಿನವರೆಗೆ
ದೇವರೇ ಬಂದು ತಟ್ಟಿದರೂ ಬಾಗಿಲು ತೆಗೆಯಬೇಡಿ.
ಬೇಕರಿಯ ಬೆನಿಗ್ನೊಗೆ: ಒಲೆ ಈಗ ಬೇಡ.
‘ನಾದಿಟ್ಟಾಗಿದೆ ಮಾರಾಯ್ತಿ!’
‘ಹಿಟ್ಟು ಕಾಯುವುದಿಲ್ಲವೇ?’
‘ಹಿಟ್ಟಿಗೇನು, ಉಬ್ಬುತ್ತಾ ಕೂತಿರುತ್ತದೆ. ಬೈಸಿಕೊಳ್ಳುವವನು ನಾನು.’

ಒಬ್ಬೊಬ್ಬರೂ ಬೊಗಸೆಯಷ್ಟು ಬಿಟ್ಟುಕೊಟ್ಟರು.
ಅಂಕಿ ಹತ್ತಿತು, ನಿಂತಿತು,
ಎರಡೂ ನಲವತ್ತಕ್ಕೆ ಮತ್ತೆ ಜಾರಿತು.
ಆಗ ಶೆಡ್ಡಿನ ಫೋನು.
‘ಎವುಲೊಹಿಯೊ, ಎಬ್ಬಿಸಿ.’

ಏಳನೆಯದು ಕೆಮ್ಮಿತು, ಹೊಗೆ ಉಗುಳಿತು, ಎದ್ದಿತು.
ಅವನಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ.
ಎರಡಕ್ಕೂ ಒಂದೇ ವಾಸನೆ.
ಐವತ್ತೊಂದು ನಿಮಿಷ ಓಡಿತು.
ಆಮೇಲೆ ಈಶಾನ್ಯದಿಂದ, ತಡವಾಗಿ ಬಂದ ನೆಂಟನಂತೆ
ಏನೂ ಆಗದವನ ಮುಖ ಮಾಡಿಕೊಂಡು
ಗಾಳಿ ಒಳಗೆ ಬಂತು.

ಮರುವಾರ ಮ್ಯಾಡ್ರಿಡ್ಡಿನಿಂದ ಬಂದವಳು ಕೇಳಿದಳು:
‘ನೂರಕ್ಕೆ ನೂರು ಆಗುತ್ತದೆಯೇ? ಒಂದೇ ಮಾತಿನಲ್ಲಿ ಹೇಳಿ.’
ಅವನು ದಿನಚರಿ ಪುಸ್ತಕ ತಂದು ಬಿಡಿಸಿದ.
ಕಾದೆ. ಕಾದೆ. ಕಾದೆ. ಪುಟಗಟ್ಟಲೆ ಕಾದೆ.
ಒಂದು ಕಡೆ, ಎಣ್ಣೆ ಬೆರಳಿನ ಗುರುತಿನ ಕೆಳಗೆ: ಓಡಿತು.
ಅವಳು ಓಡಿದ್ದನ್ನು ಬರೆದುಕೊಂಡಳು.
‘ಕಾದದ್ದನ್ನೂ ಎಣಿಸಿ,’ ಅಂದ. ‘ಅದೂ ಕರೆಂಟೇ.’
ಆಮೇಲೆ, ತಾನು ಹೇಳಿದ್ದು ತನಗೇ ಹೆಚ್ಚಾಯಿತೇನೋ ಅನ್ನಿಸಿ,
‘ಮುಂದಿನ ಸೆಪ್ಟೆಂಬರಿನದು ನನಗೆ ಗೊತ್ತಿಲ್ಲ.’

ಆ ರಾತ್ರಿಯ ಬ್ರೆಡ್ಡು, ಇದನ್ನು ಯಾರೂ ಬರೆದುಕೊಳ್ಳಲಿಲ್ಲ,
ಹಿಟ್ಟು ಹೆಚ್ಚು ಉಬ್ಬಿ, ನಡುವೆ ಕುಸಿದು, ಹುಳಿಯಾಗಿತ್ತು.
ಹತ್ತು ಗಂಟೆಗೆ ಬಂತು.
ಊರೆಲ್ಲ ಬೆನಿಗ್ನೊನನ್ನು ಬೈಯುತ್ತಾ
ಬೆಣ್ಣೆ ಹೆಚ್ಚು ಸವರಿಕೊಂಡು
ತಿಂದಿತು.