ಸೊಣ್ಣಪ್ಪ ಕಟ್ಟಿದ ರೇಟು

ಆವತ್ತು ನೂರಾ ಎಂಬತ್ತು ಅಂತ ಕೂಗಬೇಕಾದವನು
ನೂರಾ ಎಂಬ... ಎಂಬ... ಅಂತ ನಿಂತುಬಿಟ್ಟಾಗ
ನಾನು ನಕ್ಕೆ, ಸೊಣ್ಣಪ್ಪ.
ಚೀಟಿ ಬರೆಯುತ್ತಿದ್ದ ಪೆನ್ನು ಎತ್ತಿ ಹಿಡಿದು
'ರಾತ್ರಿದು ಇನ್ನೂ ಇಳಿದಿಲ್ಲ ನಮ್ಮ ದೊರೆಗೆ' ಅಂದೆ.
ಮಂಡಿಗೆ ಮಂಡಿಯೇ ನಕ್ಕಿತು.
ನಿನ್ನ ಬಾಯಿಯ ಒಂದು ತುದಿ ನಮ್ಮ ಜೊತೆ ನಕ್ಕಿತು,
ಇನ್ನೊಂದು ತುದಿ ಆಗಲೇ ಕೆಳಗೆ ಜಾರಿತ್ತು.

ಅದನ್ನು ಕಂಡವನು ಬಾಬಾಜಾನ್.
ತಲೆ ಮೇಲಿದ್ದ ಎರಡು ಬಾಕ್ಸು ಇದ್ದ ಹಾಗೇ ಬಿಟ್ಟ,
ನಿನ್ನನ್ನು ಹೆಗಲಿಗೆ ಹಾಕಿಕೊಂಡು ಓಡಿದ,
ಹಿಂದೆ ನಾವು, ಕಾಲಡಿ ಪಚಪಚ ಟೊಮೆಟೊ.
ಟಮಕದ ಆಸ್ಪತ್ರೆಯ ಬಿಳೀ ನೆಲದ ಮೇಲೆ
ನಮ್ಮ ನಾಲ್ಕು ಜೊತೆ ಚಪ್ಪಲಿಯ ಕೆಂಪು ಗುರುತು ನೋಡಿ
ನರ್ಸಮ್ಮ ಬೆಚ್ಚಿ ಕೇಳಿದಳು:
'ಗಾಯ ಎಲ್ಲಿ? ಗಾಯ ಯಾರಿಗೆ?'

ಹನ್ನೊಂದು ದಿನ.
ಬಲಗಾಲು ಎಳೆದುಕೊಂಡು ವಾಪಸ್ಸು ಬಂತು,
ಬಲಗೈ ಅರ್ಧ ಬಂತು.
ಮಾತು ಬರಲಿಲ್ಲ.

ಗಲ್‌ಪೇಟೆಯ ನಿನ್ನ ಮನೆಗೆ
ಮೂಸಂಬಿ ತಂದವರಿದ್ದರು, ತಾಯತ ತಂದವರಿದ್ದರು,
ಪಾರಿವಾಳದ ರಕ್ತ ಹಚ್ಚಿ ಅಂದವರೂ ಇದ್ದರು.
ನಾವು ಬರಿಗೈಯಲ್ಲಿ ಬಂದು
ಬಾಗಿಲ ಹತ್ತಿರ ಚಾಪೆ ಮೇಲೆ ಕೂರುತ್ತಿದ್ದೆವು,
ಬೆರಳಲ್ಲಿ ಇನ್ನೂ ಟೊಮೆಟೊ ಗಿಡದ ಹಸಿರು ವಾಸನೆ.
ಇಪ್ಪತ್ತು ವರ್ಷ ಕಿರುಚಿಕೊಂಡೇ ಬದುಕಿದವರು,
ಸುಮ್ಮನೆ ಕೂರುವುದು ನಮಗೆ ಯಾರು ಕಲಿಸಿದ್ದರು?

ಕಾಯಿ ಆರಿಸುವ ಅಲುವೇಲಮ್ಮ ಒಂದು ಸಂಜೆ
ಬಾಕ್ಸೊಂದನ್ನು ಸೊಂಟದ ಮೇಲೆ ಹೊತ್ತು ತಂದು
ನಿನ್ನ ಮಂಚದ ಮುಂದೆ ಕುಕ್ಕಿದಳು.
'ಹದಿನೈದು ಕೇಜಿ. ಕೂಗು.'
ನೀನು ಗೋಡೆ ಕಡೆ ತಿರುಗಿದೆ.
'ಹತ್ತು ರೂಪಾಯಿ' ಅಂದ ಬಾಬಾಜಾನ್.
'ಹನ್ನೆರಡು' ಅಂದೆ ನಾನು.
ಗಟ್ಟಿ ಕಾಯಿ, ಗೋಲಿಯ ಹಾಗೆ ನುಣುಪು,
ಒಂದಕ್ಕೂ ಮಚ್ಚೆ ಇಲ್ಲ.
ಅದಕ್ಕೆ ಹನ್ನೆರಡು!
ನಿನ್ನ ಕತ್ತಿನ ನರ ಉಬ್ಬಿದ್ದು ಎಲ್ಲರೂ ನೋಡಿದೆವು,
ಯಾರೂ ಹೇಳಲಿಲ್ಲ.

ಏಳು ಸಂಜೆ ಹೀಗೇ ನಿನ್ನ ಮಾಲಿಗೆ ಅವಮಾನ ಮಾಡಿದೆವು.
ಹಣ್ಣು ಮೆತ್ತಗಾಯಿತು,
ಮುನಿರತ್ನ ಅದನ್ನೇ ಗೊಜ್ಜು ಮಾಡಿ ನಮಗೇ ಬಡಿಸಿದಳು,
ಅಲುವೇಲಮ್ಮ ಇನ್ನೊಂದು ಬಾಕ್ಸು ತಂದಳು.
ಎಂಟನೇ ಸಂಜೆ ನಾನು ಕೂಗಿದೆ:
ಹದಿನೈದು, ಒಂದು ಸಾರಿ.
ಹದಿನೈದು, ಎರಡು ಸಾರಿ.
ಹದಿನೈ—

'ನೂಟ ಇರವೈ!'

ಎಡಗೈ ಮಂಚಕ್ಕೆ ಬಡಿದು ನೀನು ಕೂಗಿದ್ದು
ಶಾಲೆಯ ಲೆಕ್ಕದಲ್ಲಲ್ಲ,
ನಿಮ್ಮಜ್ಜಿ ಹುಣಸೆ ಬೀಜ ಎಣಿಸಿ ಕಲಿಸಿದ ತೆಲುಗಿನಲ್ಲಿ.
ಒಳಗೆ ಒಗ್ಗರಣೆ ಸೀದು ಹೊಗೆ ಎದ್ದಿತು.
ಯಾರೂ ಏಳಲಿಲ್ಲ.

'ಲೆಕ್ಕ, ಮಗ್ಗಿ, ಬೈಗುಳ
ಮೆದುಳಲ್ಲಿ ಬೇರೆ ಗೂಡಿನಲ್ಲಿರುತ್ತವೆ' ಅಂದರು ಡಾಕ್ಟರು,
'ಬೈಗುಳವೂ ಬಂದೀತು, ಕಾಯಿರಿ.'
ಕಾಯುತ್ತಿದ್ದೇವೆ.
ಅಲ್ಲಿಯ ತನಕ ನೀರಿಗೆ ಹತ್ತು, ಹೊರಗೆ ಹೋಗಬೇಕೆಂದರೆ ಎಂಟು,
ಬಾಬಾಜಾನ್ ಐನೂರು.
ಮುನಿರತ್ನ ಎರಡು ಸಾವಿರದ ಮುನ್ನೂರು.
ನೀನು ಬದುಕಿನಲ್ಲಿ ಒಂದೇ ಒಂದು ದಿನ ಕೂಗಿದ ರೇಟು ಅದು;
ಅವಳಿಗೆ ಗೊತ್ತು, ಸೆರಗು ಬಾಯಿಗೆ ಹಿಡಿದು
ಏನೋ ಕೆಲಸವಿದ್ದವಳ ಹಾಗೆ ಒಳಗೆ ಹೋಗುತ್ತಾಳೆ.

ನಿನ್ನೆ ಯಾರೂ ಇಲ್ಲದಾಗ ಹೇಳಿಬಿಟ್ಟೆ.
ನಾನು ನಕ್ಕ ಆ ಐದು ನಿಮಿಷ,
ಒಂದೊಂದು ನಿಮಿಷಕ್ಕೂ ಎಷ್ಟೋ ಮಾತು ಸಾಯುತ್ತವಂತೆ,
ಪುಸ್ತಕದಲ್ಲಿ ಬರೆದು ಕೂಡಿಸಿ ನೋಡಿದೆ ಸೊಣ್ಣಪ್ಪ,
ಲೆಕ್ಕ ಸಿಗಲಿಲ್ಲ.

ಬಹಳ ಹೊತ್ತು ನನ್ನನ್ನೇ ನೋಡಿದೆ,
ಕೊಳೆತ ಕಾಯಿ ತಿರುಗಿಸಿ ತಿರುಗಿಸಿ ನೋಡುವ ಹಾಗೆ.
ಆಮೇಲೆ ರೇಟು ಕಟ್ಟಿದೆ:
'ಮೂವತ್ತು.'

ಮೂವತ್ತು ಅಂದರೆ ಬಾಡಿಗೆಯೂ ಗಿಟ್ಟದೆ
ಶ್ರೀನಿವಾಸಪುರದ ರಸ್ತೆ ಪಕ್ಕ ಸುರಿದು ಹೋಗುವ ರೇಟು.
ನಿನ್ನ ಅರ್ಧ ಬಾಯಿ ನಗುತ್ತಿತ್ತು.

ಜೇಬಿಂದ ಚೀಟಿ ಪುಸ್ತಕ ತೆಗೆದು
ನನ್ನ ಹೆಸರಿನ ಮುಂದೆ ಬರೆದುಕೊಂಡೆ:
ಬಾಕ್ಸು ಒಂದು. ಮೂವತ್ತು.
ಕಮಿಷನ್ ಹಿಡಿದಿಲ್ಲ.